ಕಲಿತ ಬೆರಳು

ಮಾರ್ಚ್ ೩, ಸೋಮವಾರ

ಹೊಲಿಗೆಯ ಅಳತೆ ಬರೆಯುತ್ತಿದ್ದ ಪುಸ್ತಕದಲ್ಲಿ ಅರ್ಧ ಹಾಳೆಗಳು ಖಾಲಿ ಉಳಿದಿವೆ. ಇನ್ನು ಯಾರ ಎದೆ ಎಷ್ಟು, ಯಾರ ತೋಳು ಎಷ್ಟು ಎಂದು ಬರೆಯುವ ಕೆಲಸ ನನಗಿಲ್ಲ. ನನ್ನ ಮಾತನ್ನೇ ಬರೆದುಕೊಳ್ಳುತ್ತೇನೆ. ಇವರಿಗೆ ಹೇಳಿದರೆ ಇವರಿಗೆ ಸಂಕಟ, ಹೇಳದಿದ್ದರೆ ನನಗೆ ಹೊಟ್ಟೆಯುಬ್ಬರ.

ಇವರು, ಅಂದರೆ ನನ್ನ ಗಂಡ, ಹತ್ತೊಂಬತ್ತು ವರ್ಷ ಕಬ್ಬಿಣ ಹೆರೆಯುವ ಲೇತ್ ಓಡಿಸಿದ ಕಾರ್ಖಾನೆಗೇ ಇವತ್ತು ನಾನು ಕಲಿಯಲು ಸೇರಿದೆ. ಕಳೆದ ವರ್ಷ ಆ ಲೇತಿನಲ್ಲೇ ಇವರ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋದವು. ಯಂತ್ರ ತಿರುಗಿಸುವ ಬೆಲ್ಟ್ ಜಾರಿತು ಎಂದು ಇವರು ಹೇಳಿದರು, ಕಾರ್ಖಾನೆಯವರು ಹಾಗೆಂದೇ ಬರೆದುಕೊಂಡರು. ಮನೆಯವರಲ್ಲಿ ಒಬ್ಬರಿಗೆ ಕೆಲಸ ಕೊಡುತ್ತೇವೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಮನೆಯಲ್ಲಿ ಇನ್ನೊಬ್ಬರು ಎಂದರೆ ನಾನೇ. ಮೂರು ತಿಂಗಳಲ್ಲಿ ಕಲಿತು ಪರೀಕ್ಷೆ ಪಾಸಾದರೆ ಆ ಲೇತ್ ನನ್ನದು. ಆಗದಿದ್ದರೆ ಕಾರ್ಖಾನೆಯ ಹಿಂದಿರುವ ಈ ಎರಡು ಕೋಣೆಗಳನ್ನು ಬಿಟ್ಟು ಹೋಗಬೇಕು.

ಹೊರಡುವಾಗ ಇವರು ಬಾಗಿಲಿಗೆ ಬಂದು ನಿಂತರು. "ಪಾಸಾಗ್ದೇ ಇದ್ರೂ ಪರವಾಗಿಲ್ಲ. ಹೋದ ಹಾಗೇ ವಾಪಸ್ ಬಾ" ಎಂದರು.

"ಇನ್ನೊಬ್ಬಳಾಗಿ ಬಂದ್ರೆ ನಿಮಗೇ ಲಾಭ ಅಲ್ವಾ" ಎಂದೆ. ಇವರು ನಗಲಿಲ್ಲ.

ಮಾರ್ಚ್ ೫, ಬುಧವಾರ

ಕಲಿಸುವವರು ಮೇಸ್ತ್ರಿ. ಅರುವತ್ತರ ಹತ್ತಿರದ ಒಣಕಲು ದೇಹ, ಮಾತಿನಲ್ಲಿ ಮಾತ್ರ ಬೆಣ್ಣೆ. ನಮಸ್ಕಾರ ಮಾಡುವಾಗ ಮೊದಲು ಅವರ ಕೈಯನ್ನೇ ನೋಡಿದೆ. ಮೂವತ್ತೈದು ವರ್ಷ ಇಲ್ಲೇ ದುಡಿದ ಕೈ, ಎಲ್ಲ ಬೆರಳೂ ಇದ್ದವು. ಸ್ವಲ್ಪ ಧೈರ್ಯ ಬಂತು.

ಒಂದು ಕಬ್ಬಿಣದ ತುಂಡನ್ನು ಇಕ್ಕಳದ ಹಾಗೆ ಹಿಡಿಯುವ ವೈಸಿನಲ್ಲಿ ಬಿಗಿದು, ಕೈಗೆ ಅರ ಕೊಟ್ಟು, ನಾಲ್ಕೂ ಮಗ್ಗುಲು ಸಮ ಮಾಡು ಎಂದರು. ಹಿಂದಕ್ಕೂ ಮುಂದಕ್ಕೂ ಒಂದೇ ಸಮನೆ ಉಜ್ಜಿದೆ. "ತಾಯಿ, ಇದು ಇಸ್ತ್ರಿ ಅಲ್ಲ. ಹೋಗುವಾಗ ಒತ್ತು, ಬರುವಾಗ ಭಾರ ಬಿಡು" ಎಂದರು. ಸಂಜೆಯ ಹೊತ್ತಿಗೆ ತುಂಡಿನ ನಡು ಉಬ್ಬಿ, ಅಂಚು ಇಳಿದು, ಇಡ್ಲಿಯೂ ಅಲ್ಲದ ಇಟ್ಟಿಗೆಯೂ ಅಲ್ಲದ ಒಂದು ಆಕಾರವಾಗಿತ್ತು. ನನ್ನ ಪಕ್ಕದಲ್ಲಿ ತೂತು ಕೊರೆಯುವ ಯಂತ್ರದವನು ಅದನ್ನು ನೋಡಿ, "ಚೆನ್ನಾಗಿದೆ, ಬಾಗಿಲಿಗೆ ಅಡ್ಡ ಇಡೋಕಾಗುತ್ತೆ" ಎಂದ. ಅವನನ್ನು ಎಲ್ಲರೂ ಗೊಣಗ ಎಂದೇ ಕರೆಯುತ್ತಾರೆ. ಐವತ್ತು ದಾಟಿದ ಮನುಷ್ಯ. ಒಂದು ಚೂರು ತೆಗೆಯಬೇಕಾದರೂ ಯಂತ್ರ ನಿಲ್ಲಿಸುತ್ತಾನೆ. ಅದು ಪೂರ್ತಿ ನಿಲ್ಲುವ ತನಕ ಕೈಕಟ್ಟಿಕೊಂಡು ಗೊಣಗುತ್ತಿರುತ್ತಾನೆ.

ಮಾರ್ಚ್ ೧೪, ಶುಕ್ರವಾರ

ಗರಗಸ, ಗುರುತು ಹಾಕುವ ಮೊಳೆ, ಅಳತೆ ಹಿಡಿಯುವ ವರ್ನಿಯರ್, ಎಲ್ಲ ಒಂದಿಷ್ಟು ಕೈಗೆ ಹತ್ತಿದೆ. ಅಳತೆಯಲ್ಲಿ ನನಗೆ ಕಷ್ಟವಿಲ್ಲ. ಅರ್ಧ ಆಯುಷ್ಯ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡೇ ಕಳೆದಿದೆ.

ಇವತ್ತು ಒಂದು ಸಂಗತಿ ನಡೆಯಿತು. ಮೇಸ್ತ್ರಿ ಸರಿಯಿದೆ ಎಂದು ಪಕ್ಕಕ್ಕಿಟ್ಟ ತುಂಡನ್ನು ಮುಟ್ಟಿ, "ಇಲ್ಲೊಂದು ಗೀರು ನಿಂತಿದೆ" ಎಂದೆ. ಅವರು ಮತ್ತೆ ಅಳತೆ ಹಿಡಿದರು, ಬೆಳಕಿಗೆ ಎತ್ತಿ ನೋಡಿದರು. ಗೀರು ಇತ್ತು. ಬಟ್ಟೆಯಲ್ಲಿ ಒಂದೆಳೆ ತಪ್ಪಿದ್ದರೂ ನನಗೆ ಕಣ್ಣು ಮುಚ್ಚಿ ಗೊತ್ತಾಗುತ್ತಿತ್ತು. ಕಬ್ಬಿಣ ಏನು ಮಹಾ.

"ಬೆರಳಲ್ಲೇ ಕಣ್ಣಿಟ್ಕೊಂಡಿದೀಯಲ್ಲ ತಾಯಿ" ಎಂದು ಮೇಸ್ತ್ರಿ ಹತ್ತು ಜನರ ಎದುರು ಹೇಳಿದರು. ಮದುವೆಯಾದ ಮೇಲೆ ನನ್ನನ್ನು ಯಾರೂ ಹಾಗೆ ಹೊಗಳಿದ್ದು ನೆನಪಿಲ್ಲ. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು.

"ಮೇಸ್ತ್ರಿ ಹಾಗಂದ್ರಾ? ಅದೇ ಮಾತಲ್ಲಿ?"

"ಹೂಂ. ಯಾಕೆ?"

"ಏನಿಲ್ಲ" ಎಂದರು. ಉಳಿದ ಗುಂಡಿಗಳನ್ನು ನಾನೇ ಹಾಕಿದೆ. ಇವರ ಮೈ ತಣ್ಣಗಿತ್ತು.

ಮಾರ್ಚ್ ೨೬, ಬುಧವಾರ

ಇವತ್ತು ಲೇತಿನ ಎದುರು ನಿಂತೆ. ಇವರದ್ದೇ ಲೇತ್. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ತಲೆಗೆ ಚಕ್ ಎನ್ನುತ್ತಾರೆ. ತಿರುಗುವ ತುಂಡನ್ನು ಹೆರೆಯುವುದು ಟೂಲ್. ತುಂಡು ತಿರುಗುತ್ತಿರುತ್ತದೆ, ಟೂಲ್ ಮೆಲ್ಲಗೆ ಸರಿಯುತ್ತದೆ, ಕಬ್ಬಿಣ ಸುರುಳಿ ಸುರುಳಿಯಾಗಿ ಬೀಳುತ್ತದೆ. ನೋಡಲು ಚಂದ. ಸುರುಳಿಯನ್ನು ಕೈಯಲ್ಲಿ ಮುಟ್ಟಬಾರದು, ಸಡಿಲ ತೋಳು ಕೂಡದು, ಉಂಗುರ ಕೂಡದು ಎಂದು ಮೇಸ್ತ್ರಿ ಪಾಠದ ಹಾಗೆ ಒಪ್ಪಿಸಿದರು.

ನಿಂತು ಕೆಲಸ ಮಾಡುವ ಕಡೆ ಕಾಲಡಿಗೆ ಮರದ ಹಲಗೆಗಳಿವೆ. ಎಣ್ಣೆ ಕುಡಿದು ಎಲ್ಲವೂ ಕಪ್ಪಾಗಿವೆ, ಒಂದು ಮಾತ್ರ ಹೊಸದು, ಕಳೆದ ವರ್ಷ ಬದಲಿಸಿದ್ದು. ಅದರ ಮೇಲೆ ಕಾಲಿಡಲು ಆಗಲಿಲ್ಲ. ಇಡೀ ದಿನ ಒಂದೇ ಕಡೆ ವಾಲಿ ನಿಂತು ಸೊಂಟ ಹಿಡಿದುಕೊಂಡಿದೆ.

ಏಪ್ರಿಲ್ ೪, ಶುಕ್ರವಾರ

ಇವತ್ತು ಕಂಡದ್ದನ್ನು ಮೊದಲಿನಿಂದ ಬರೆಯುತ್ತೇನೆ.

ನಾವು ಮಾಡುವುದು ಬುಷ್. ನಡುವೆ ತೂತಿರುವ, ಹಿಡಿಯುದ್ದದ ಗುಂಡು ತುಂಡು. ಒಳಗಿನ ತೂತು ಕನ್ನಡಿಯ ಹಾಗಿರಬೇಕು. ಟೂಲ್ ಕೆಲವೊಮ್ಮೆ ಒಳಗೆ ಕೂದಲೆಳೆಯಷ್ಟು ಏಣು ಬಿಟ್ಟುಬಿಡುತ್ತದೆ. ಅಳತೆಗೆ ಸಿಗದ ಏಣು ಬೆರಳಿಗೆ ಸಿಗುತ್ತದೆ. ಯಂತ್ರ ನಿಲ್ಲಿಸಿ, ಬೆರಳಾಡಿಸಿ, ಮತ್ತೆ ಹೆರೆಯಬೇಕು. ನನಗೆ ಹೇಳಿಕೊಟ್ಟಿದ್ದು ಹಾಗೆ.

ಇವತ್ತು ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದರು. ಚಕ್ ತಿರುಗುತ್ತಲೇ ಇತ್ತು. ಅವರು ಮಾತನಾಡುತ್ತಾ, ನನ್ನ ಕಡೆ ನೋಡುತ್ತಾ, ತಿರುಗುವ ತೂತಿನೊಳಗೆ ತೋರುಬೆರಳು ಹಾಕಿದರು. ಬೆರಳು ಹೊರಗೆ ಬಂತು, ತುದಿಗೆ ಎಣ್ಣೆ. "ನಡುಮಧ್ಯದಲ್ಲಿ ಒಂದು ಏಣು ಇದೆ, ಇನ್ನೊಂದು ಸಲ ಹೊಡಿ" ಎಂದು ಹೇಳಿ ಬೀಡಿ ಹಚ್ಚಲು ಹೋದರು.

ಆಗ ಬೆಲ್ಟ್ ಕಡೆ ನೋಡಿದೆ. ಅದು ಚಕ್ಕಿನಿಂದ ಒಂದು ಮಾರು ದೂರದಲ್ಲಿ, ತಗಡಿನ ಪೆಟ್ಟಿಗೆಯೊಳಗಿದೆ. ಅದು ಜಾರಿದರೆ ಯಾರ ಬೆರಳೂ ಹೋಗುವುದಿಲ್ಲ. ಇವರು ಒಂದು ವರ್ಷದಿಂದ ನನ್ನ ಹತ್ತಿರ ಸುಳ್ಳು ಹೇಳುತ್ತಿದ್ದಾರೆ. ಕೇಳಬೇಕು ಎಂದುಕೊಂಡು ಬಂದೆ. ಇವರು ಎಡಗೈಯಲ್ಲಿ ಪಾತ್ರೆ ತೊಳೆದಿಟ್ಟು, ನನಗೆ ಚಹಾ ಮಾಡಿ ಕಾಯುತ್ತಿದ್ದರು. ಕೇಳಲಾಗಲಿಲ್ಲ.

ಏಪ್ರಿಲ್ ೯, ಬುಧವಾರ

ದಿನಕ್ಕೆ ತೊಂಬತ್ತು ಬುಷ್ ಆಗಬೇಕು. ನನ್ನದು ನಲವತ್ತೊಂದು. ಲೇತಿನ ಬ್ರೇಕ್ ಸವೆದಿದೆ; ನಿಲ್ಲಿಸಿದ ಮೇಲೂ ಚಕ್ ಹದಿನೈದು ಎಣಿಸುವ ತನಕ ತಿರುಗುತ್ತದೆ. ಒಂದೊಂದು ಬುಷ್‌ಗೆ ಎರಡು ಮೂರು ಸಲ ನಿಲ್ಲಿಸಬೇಕು. ಎಣಿಸುವುದೇ ನನ್ನ ಕೆಲಸವಾಗಿದೆ. ಬ್ರೇಕ್ ಸರಿ ಮಾಡಿಸಿ ಎಂದರೆ ಮೇಸ್ತ್ರಿ, "ಅದು ನಿನ್ನ ಗಂಡನ ಕಾಲದಿಂದ್ಲೂ ಹಾಗೇ ಇದೆ" ಎಂದರು.

ಊಟದ ಹೊತ್ತಿನಲ್ಲಿ ಗೊಣಗನ ಪಕ್ಕ ಕುಳಿತು ಕೇಳಿದೆ. "ಎಲ್ರೂ ಬೆರಳು ಹಾಕಿಯೇ ನೋಡ್ತಾರಾ?"

"ನಾನು ಹಾಕಲ್ಲ. ಅದಕ್ಕೇ ಇಪ್ಪತ್ತೆರಡು ವರ್ಷದಿಂದ ತೂತು ಕೊರೀತಾ ಇದೀನಿ, ಲೇತ್ ಕೊಟ್ಟಿಲ್ಲ."

"ನಮ್ಮನೆಯವರು?"

ಅವನು ಡಬ್ಬಿ ಮುಚ್ಚಿದ. "ಅಕ್ಕಾ, ಅದನ್ನ ಮನೇಲಿ ಕೇಳಿ. ನನ್ನ ಬಾಯಲ್ಲಿ ಬೇಡ."

ಏಪ್ರಿಲ್ ೧೫, ಮಂಗಳವಾರ

ಹಾಕಿದೆ.

ಯಾರೂ ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ದಿನದ ಎಣಿಕೆ ಬರೆಯುವ ಫಲಕದಲ್ಲಿ ನನ್ನ ಹೆಸರಿನ ಎದುರು ನಲವತ್ನಾಲ್ಕು ಎಂದು ಬರೆದಿತ್ತು, ಕೆಳಗೆ ಯಾರೋ ಒಂದು ಆಮೆಯ ಚಿತ್ರ ಬಿಡಿಸಿದ್ದರು. ಮೇಸ್ತ್ರಿ ಅದನ್ನು ಒರೆಸಿ, ನನ್ನ ಹತ್ತಿರ ನಿಂತು, ಮೆಲ್ಲಗೆ ಹೇಳಿಕೊಟ್ಟರು. ತಿರುಗುವ ದಿಕ್ಕಿಗೇ ಬೆರಳು ಹೋಗಬೇಕಂತೆ, ಎದುರು ನಿಲ್ಲಬಾರದಂತೆ, ತುದಿ ಮಾತ್ರ ತಾಗಬೇಕಂತೆ, ಒತ್ತಲೇಬಾರದಂತೆ. ಕಣ್ಣು ಮುಚ್ಚಿಕೊಂಡೆ. ಒಳಗೆ ಬೆಚ್ಚಗಿತ್ತು. ಎಣ್ಣೆ ಬೆರಳಿನ ಸುತ್ತ ಹರಿಯಿತು, ಆಮೇಲೆ ಏಣು ಬಂತು, ಟಿಕ್ ಟಿಕ್ ಎಂದು ತಾಗಿತು, ಎಷ್ಟು ಸ್ಪಷ್ಟವಾಗಿ ಎಂದರೆ ಕೈಯೆತ್ತಿ ತೋರಿಸಬಹುದಿತ್ತು. ಬೆರಳು ತೆಗೆದು ಎಣಿಸಿಕೊಂಡೆ. ಹುಚ್ಚಿಯ ಹಾಗೆ ಎರಡು ಸಲ ಎಣಿಸಿಕೊಂಡೆ.

ಅರುವತ್ಮೂರು ಬುಷ್. ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದೆ. ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಏಪ್ರಿಲ್ ೧೬, ಬುಧವಾರ

ಎಪ್ಪತ್ತು.

ಏಪ್ರಿಲ್ ೩೦, ಬುಧವಾರ

ಎಂಬತ್ತೆಂಟು. ಫಲಕದಲ್ಲಿ ನನ್ನ ಮೇಲೆ ಇಬ್ಬರೇ ಇದ್ದಾರೆ.

ನಾದಿನಿ ಬಂದಿದ್ದಳು. ಇವರಿಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ತಾಯಿ ಹೋದ ಮೇಲೆ ಇವರೇ ಎತ್ತಿ ಆಡಿಸಿ, ತಲೆ ಬಾಚಿ ಬೆಳೆಸಿದ ತಂಗಿ. ಅವಳು ಕೆಲಸಕ್ಕಿದ್ದ ಅಂಗಡಿ ಮುಚ್ಚಿಹೋಗಿ ಎರಡು ತಿಂಗಳಾಯಿತು. ನಾನು ಲೇತಿನ ವಿಷಯ ಹೇಳುತ್ತಿದ್ದರೆ ಬಾಯಿ ಬಿಟ್ಟುಕೊಂಡು ಕೇಳಿದಳು. "ಅತ್ತಿಗೆ, ಅಣ್ಣ ಹತ್ತೊಂಬತ್ತು ವರ್ಷದಲ್ಲಿ ಹೇಳ್ದೇ ಇದ್ದಿದ್ದು ನೀವು ಒಂದು ಗಂಟೇಲಿ ಹೇಳಿದ್ರಿ" ಎಂದಳು. ಇವರು ಎದ್ದು ಹೊರಗೆ ಹೋದರು.

ಬೆಳಿಗ್ಗೆ ಇವರು ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ನನಗೆ ಹೊತ್ತಾಗಿತ್ತು, ಹಾಗೇ ಹೊರಟುಬಂದೆ. ಇವರೂ ಕಲಿಯಬೇಕಲ್ಲ. ಎಲ್ಲದಕ್ಕೂ ನಾನೇ ಎಂದರೆ ಹೇಗೆ.

ಮೇ ೭, ಬುಧವಾರ

ಇವತ್ತು ಜಗಳವಾಯಿತು. ಜಗಳ ಎಂದರೆ ನನ್ನದೇ ಗದ್ದಲ, ಇವರು ದನಿ ಎತ್ತಲಿಲ್ಲ.

ಚಹಾದ ಲೋಟ ಕೊಡುವಾಗ ಇವರು ನನ್ನ ಬಲಗೈ ಹಿಡಿದುಕೊಂಡರು. ಹೆಬ್ಬೆರಳಿನಿಂದ ನನ್ನ ತೋರುಬೆರಳಿನ ತುದಿ ಸವರಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ತುದಿ ಈಗ ಗಾಜಿನಂತೆ ನುಣುಪು, ಗೆರೆಗಳೇ ಇಲ್ಲ. ನಾನು ಗಮನಿಸಿರಲಿಲ್ಲ.

"ಎಷ್ಟು ದಿನದಿಂದ ಹಾಕ್ತಿದೀಯಾ?" ಎಂದರು.

ಬೆಲ್ಟಿನ ಮಾತು ತೆಗೆದೆ. ನೀವು ಯಾಕೆ ಸುಳ್ಳು ಹೇಳಿದಿರಿ ಎಂದು ಕೂಗಿದೆ. ಇವರು ನನ್ನ ಕೈ ಬಿಡದೆ ಹೇಳಿದರು.

"ಬೆರಳು ಹಾಕಿದ್ದೆ ಅಂತ ಹೇಳಿದ್ರೆ ತಪ್ಪು ನಂದಾಗ್ತಿತ್ತು. ಈ ಮನೇನೂ ಬಿಡಬೇಕಿತ್ತು, ನಿನ್ನ ಕೆಲಸಾನೂ ಇರ್ತಿರಲಿಲ್ಲ. ಬೆಲ್ಟ್ ಅಂತ ಹೇಳು ಅಂದಿದ್ದು ಮೇಸ್ತ್ರೀನೇ. ನಿನ್ನನ್ನ ಆ ಲೇತಿಗೇ ಕಳಿಸ್ತಾರೆ ಅಂತ ಆಗ ಹೊಳೀಲಿಲ್ಲ. ಹೊಳೆದಿದ್ರೆ ಬೀದೀಲಿ ಇರ್ತಿದ್ವಿ, ಅಷ್ಟೇ."

"ಅವತ್ತು ನಿಮಗೆ ಏನೋ ಅವಸರ ಇತ್ತು" ಎಂದೆ.

"ಯಾವ ಅವಸರಾನೂ ಇರ್ಲಿಲ್ಲ. ಬೆಳಿಗ್ಗೆ ಹತ್ತು ಗಂಟೆ, ಮೈ ಹಗುರವಾಗಿತ್ತು. ಹತ್ತೊಂಬತ್ತು ವರ್ಷ ಹೇಗೆ ಹಾಕ್ತಿದ್ನೋ ಹಾಗೇ ಹಾಕಿದೆ. ನಾನೇನೂ ತಪ್ಪು ಮಾಡ್ಲಿಲ್ಲ ಕಣೇ. ಅದನ್ನೇ ನಿನಗೆ ಹೇಳೋಕೆ ನನಗೆ ಭಯ."

ಇದನ್ನು ಬರೆಯುತ್ತಾ ಮತ್ತೆ ಯೋಚಿಸಿದೆ. ತಪ್ಪು ಮಾಡದೆ ಬೆರಳು ಹೋಗುತ್ತದೆಯೇ? ಒತ್ತಿರಬೇಕು, ಇಲ್ಲವೇ ಎದುರು ದಿಕ್ಕಿಗೆ ಹಿಡಿದಿರಬೇಕು. ಗಂಡಸರು ಅದನ್ನು ಒಪ್ಪಿಕೊಳ್ಳುವುದಿಲ್ಲ. ಪಾಪ ಅನ್ನಿಸಿತು.

ಮೇ ೧೨, ಸೋಮವಾರ

ಉಗುರು ಸ್ವಲ್ಪ ಎದ್ದಿದೆ. ನನ್ನದೇ ತಪ್ಪು, ಮಾತಿನ ಕಡೆ ಗಮನ ಹೋಗಿತ್ತು. ಬಟ್ಟೆ ಸುತ್ತಿಕೊಂಡು ನಡುಬೆರಳಲ್ಲಿ ನೋಡಿದೆ. ಎಂಬತ್ತೊಂಬತ್ತು.

ಮೇ ೧೫, ಗುರುವಾರ

ಮಾನ ಹೋಯಿತು. ಇವರು ಕಾರ್ಖಾನೆಯ ಗೇಟಿಗೆ ಬಂದು ಮೇಸ್ತ್ರಿಯನ್ನು ಕರೆಸಿಕೊಂಡರಂತೆ. ನಾನು ಕಿಟಕಿಯಿಂದ ನೋಡಿದೆ. ಇವರು ಬಲಗೈಯನ್ನು ಜೇಬಿನಿಂದ ತೆಗೆದು ಅವರ ಮುಖದ ಹತ್ತಿರ ಹಿಡಿದು ಮಾತನಾಡುತ್ತಿದ್ದರು. ಮನೆಯಲ್ಲಿ ನನ್ನೆದುರೇ ಆ ಕೈ ಬಚ್ಚಿಡುವ ಮನುಷ್ಯ. ಮೇಸ್ತ್ರಿ ಇವರ ಹೆಗಲ ಮೇಲೆ ಕೈ ಹಾಕಿ, ಚಹಾ ತರಿಸಿ ಕುಡಿಸಿ, ಕಳಿಸಿಕೊಟ್ಟರು.

"ಬೇಡ ಅಂದ್ರೆ ಇವತ್ತೇ ಬಿಡು ತಾಯಿ, ನನ್ನ ಬಲವಂತ ಏನೂ ಇಲ್ಲ" ಎಂದರು ಮೇಸ್ತ್ರಿ ನನ್ನ ಹತ್ತಿರ ಬಂದು. ಅಕ್ಕಪಕ್ಕದ ಯಂತ್ರದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಬಿಡೋದಕ್ಕೆ ಬಂದಿಲ್ಲ" ಎಂದೆ. ಎಲ್ಲರೂ ನಕ್ಕರು, ಒಳ್ಳೆಯ ನಗು. ಗೊಣಗ ಮಾತ್ರ ತನ್ನ ಯಂತ್ರ ನಿಲ್ಲಿಸಿಕೊಂಡು ನನ್ನನ್ನೇ ನೋಡುತ್ತಿದ್ದ.

ಇವರ ಹತ್ತಿರ ಮಾತು ಬಿಟ್ಟಿದ್ದೇನೆ.

ಮೇ ೨೪, ಶನಿವಾರ

ಪಾಸು. ಮಾಲೀಕರು ನಿಂತು ನೋಡುತ್ತಿದ್ದರು. ತೊಂಬತ್ನಾಲ್ಕು ಬುಷ್, ಒಂದೂ ವಾಪಸ್ ಬರಲಿಲ್ಲ. ಲೇತ್ ನನ್ನದು, ಎರಡು ಕೋಣೆಗಳೂ ನಮ್ಮವೇ. ಮೇಸ್ತ್ರಿ ಈಗ ನನ್ನನ್ನು ಮೇಡಂ ಎಂದು ಕರೆದು ಕಾಡಿಸುತ್ತಾರೆ.

ಗೊಣಗನನ್ನು ಉಗ್ರಾಣಕ್ಕೆ ಹಾಕಿದರು, ಪೆಟ್ಟಿಗೆ ಎಣಿಸುವ ಕೆಲಸ. ಅವನ ನಿಧಾನಕ್ಕೆ ಅದೇ ಸರಿ. ಹೋಗುವಾಗ ನನ್ನ ಹತ್ತಿರ ಬಂದು, "ಅಕ್ಕಾ, ನೀವು ಲೇತಿಗೆ ಬಂದ ಮೊದಲನೇ ವಾರ ಆ ಹೊಸ ಹಲಗೆ ತುಳೀತಿರಲಿಲ್ಲ" ಎಂದ. ಯಾವ ಹಲಗೆ ಎಂದು ಕೇಳಿದೆ. ಅವನು ತನ್ನ ಊಟದ ಡಬ್ಬಿ ಎತ್ತಿಕೊಂಡು ಉಗ್ರಾಣದ ಕಡೆ ನಡೆದ. ವಯಸ್ಸಾಯಿತು, ಏನೇನೋ ಮಾತಾಡುತ್ತಾನೆ.

ಮನೆಯಲ್ಲಿ ಸುದ್ದಿ ಹೇಳಿದೆ. "ಒಳ್ಳೇದಾಯ್ತು" ಎಂದರು ಇವರು. ಅಷ್ಟೇ. ಮೂರು ತಿಂಗಳು ನಾನು ಪಟ್ಟ ಪಾಡಿಗೆ ಅಷ್ಟೇ.

ಮೇ ೩೦, ಶುಕ್ರವಾರ

ಹೊಸ ಕೆಲಸ ಬಂದಿದೆ. ಸಣ್ಣ ಬುಷ್, ಆರು ಸಾವಿರ. ತೂತು ಎಷ್ಟು ಕಿರಿದೆಂದರೆ ಮೇಸ್ತ್ರಿಯ ಬೆರಳು ಉಗುರಿನ ತನಕವೂ ಹೋಗುವುದಿಲ್ಲ. ನನ್ನದು ಮೊದಲ ಗೆಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಕಿರುಬೆರಳಿಗೆ ಅಷ್ಟು ಸೂಕ್ಷ್ಮ ಇಲ್ಲ. ಪ್ರತಿಯೊಂದಕ್ಕೂ ನಿಲ್ಲಿಸಿ, ದೀಪ ಹಿಡಿದು ನೋಡಬೇಕಾಗಿ ಬಂದು ಎಣಿಕೆ ಐವತ್ತಕ್ಕೆ ಇಳಿಯಿತು. ಫಲಕ ನೋಡಲು ಆಗುತ್ತಿಲ್ಲ. ಮತ್ತೆ ಆಮೆ ಬರುವ ಮುಂಚೆ ಏನಾದರೂ ಮಾಡಬೇಕು.

"ಸಪೂರ ಕೈಯವರು ಯಾರಾದ್ರೂ ಇದ್ರೆ ಹೇಳು ಮೇಡಂ. ನಿನ್ನ ಕೈಕೆಳಗೇ ಕಲಿಯೋಕೆ ಹಾಕ್ತೀನಿ" ಎಂದರು ಮೇಸ್ತ್ರಿ. ನನ್ನ ಕೈಕೆಳಗೆ! ಸಂಜೆ ನಡೆದು ಬರುವಾಗ ಆ ಮಾತೇ ಕಿವಿಯಲ್ಲಿ ಇತ್ತು.

ಜೂನ್ ೧, ಭಾನುವಾರ

ನಾದಿನಿಯನ್ನು ಊಟಕ್ಕೆ ಕರೆದಿದ್ದೆ. ಮಾದರಿಗೆಂದು ಒಂದು ಸಣ್ಣ ಬುಷ್ ತಂದಿಟ್ಟುಕೊಂಡಿದ್ದೆ. ಊಟಕ್ಕೆ ಕುಳಿತಾಗ ಅವಳ ಕೈಗೆ ಕೊಟ್ಟು, "ಬೆರಳು ಹಾಕಿ ನೋಡು" ಎಂದೆ. ಸಲೀಸಾಗಿ ಹೋಯಿತು, ಬುಡದ ತನಕ. ಅವಳಿಗೆ ತಮಾಷೆ ಅನ್ನಿಸಿತು. ಬುಷ್ ಅನ್ನು ಬೆರಳ ಮೇಲೆ ಗಿರಗಿರ ತಿರುಗಿಸಿ ನಕ್ಕಳು.

"ಒಳಗೆ ಏನಾದ್ರೂ ತಾಗುತ್ತಾ?" ಎಂದು ಕೇಳಿದೆ.

"ಒಂದು ಕಡೆ ಏನೋ ಇದೆ ಅತ್ತಿಗೆ, ಸಣ್ಣದು. ಕೂದಲಿನ ಹಾಗೆ."

ಮೊದಲ ಸಲಕ್ಕೇ ಗೊತ್ತಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳ ಕೆನ್ನೆ ಹಿಡಿದು ಮುದ್ದಿಸಿದೆ. ನಾಳೆಯಿಂದ ಕೆಲಸಕ್ಕೆ ಬಾ, ನಾನೇ ಕಲಿಸುತ್ತೇನೆ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಮೂರು ತಿಂಗಳಿನಿಂದ ಕೆಲಸಕ್ಕೆ ಅಲೆದಿದ್ದಾಳೆ, ಪಾಪ.

ಇವರು ತಟ್ಟೆ ಬಿಟ್ಟು ಎದ್ದರು. "ಬೆರಳು ತೆಗಿ" ಎಂದರು ತಂಗಿಗೆ. ದನಿ ಎಷ್ಟು ಸಣ್ಣಗಿತ್ತೆಂದರೆ ಅವಳಿಗೆ ಕೇಳಿಸಲಿಲ್ಲ. ಇವರೇ ಬಾಗಿ, ಉಳಿದ ಮೂರು ಬೆರಳುಗಳಲ್ಲಿ ಆ ಬುಷ್ ಅನ್ನು ಅವಳ ಬೆರಳಿಂದ ಎಳೆದು ತೆಗೆದರು. ಆಮೇಲೆ ನನ್ನ ಕಾಲ ಬಳಿ ಕುಳಿತುಬಿಟ್ಟರು. "ನಿನ್ನ ಕಾಲು ಹಿಡ್ಕೋತೀನಿ. ಅವಳನ್ನ ಬಿಟ್ಬಿಡು" ಎಂದರು. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. "ಮನೇಲಿ ಕೂತೂ ಕೂತೂ ನಿಮ್ಮಣ್ಣ ಮೆತ್ತಗಾಗಿದಾರೆ, ನೀನು ಊಟ ಮಾಡು" ಎಂದೆ. ಇವರು ಹೊರಗೆ ಹೋದವರು ಇನ್ನೂ ಬಂದಿಲ್ಲ. ಹೊಟ್ಟೆ ಹಸಿದರೆ ಬರುತ್ತಾರೆ.

ಅವಳಿಗೆ ಎಲ್ಲ ಹೇಳಿದ್ದೇನೆ. ಮೊದಲ ವಾರ ಅರ, ಆಮೇಲೆ ಅಳತೆ, ಆಮೇಲೆ ನನ್ನ ಲೇತ್. ಹೆದರಬೇಡ, ನಾನು ಪಕ್ಕದಲ್ಲೇ ಇರುತ್ತೇನೆ ಎಂದೆ. ಅವಳ ಉಗುರು ಉದ್ದವಿತ್ತು. ಸಂಜೆ ಬಿಸಿಲಿಗೆ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಒಂದೊಂದೇ ಬೆರಳು ಹಿಡಿದು, ಹತ್ತೂ ಬೆರಳಿನ ಉಗುರನ್ನು ನಾನೇ ನೀಟಾಗಿ ಕತ್ತರಿಸಿಕೊಟ್ಟೆ.